ಹಗೇವಿನ ಬಾಯಿಗೆ ಬಂದ ಕುರಿ

ನನ್ನ ತಮ್ಮ ಮಾನ್ವಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಭಾನುವಾರ ಅಂಗಡಿ ಮುಚ್ಚಿ ಬಸ್ಸಿನಲ್ಲಿ ರಾಯಚೂರಿಗೆ, ನಮ್ಮ ಮನೆಗೆ ಬರುತ್ತಾನೆ. ಅವನ ಎಡಗಾಲು ಸೊಟ್ಟ. ಮೆಟ್ಟಿಲು ಹತ್ತುವಾಗ ಒಂದು ಹೆಜ್ಜೆ ಬೀಳುತ್ತದೆ, ಇನ್ನೊಂದು ಎಳೆಯುತ್ತದೆ. ಆ ಸದ್ದು ಕೇಳಿದಾಗಲೆಲ್ಲ ನನ್ನ ಕೈಯಲ್ಲಿನ ಕೆಲಸ ನಿಲ್ಲುತ್ತದೆ. ಯಾಕೆಂದು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಈ ಬೇಸಿಗೆಯಲ್ಲಿ ಅವನೊಂದು ಆಟ ತಂದ. ಟಿವಿಗೆ ಜೋಡಿಸಿ, ಒಬ್ಬೊಬ್ಬರ ಕೈಗೆ ಒಂದೊಂದು ರಿಮೋಟು ಕೊಟ್ಟು ಮನೆಮಂದಿಯೆಲ್ಲ ಕೂಡಿ ಆಡುವ ಆಟ. ಅದರಲ್ಲಿ ಮನುಷ್ಯರಾಗುವಂತಿಲ್ಲ. ಒಬ್ಬರು ಮರಿ, ಒಬ್ಬರು ತಾಯಿ ಕುರಿ, ಒಬ್ಬರು ನಾಯಿ. ತೆರೆ ಮೂರು ಪಾಲಾಗಿ, ಆಯಾ ಪ್ರಾಣಿಯ ಕಣ್ಣಿಗೆ ಎಷ್ಟು ಕಾಣುವುದೋ ಅಷ್ಟೇ ಕಾಣುತ್ತದೆ. ಮರಿಯ ಪಾಲಿನಲ್ಲಿ ಹುಲ್ಲು ಆಳೆತ್ತರ. ಮನುಷ್ಯ ಬಂದರೆ ಎರಡು ಕಾಲು, ಒಂದು ಬಡಿಗೆ. ಮುಖವಿಲ್ಲ.

ಮಗಳು ನಾಯಿ, ನಾನು ತಾಯಿ ಕುರಿ, ತಮ್ಮ ಯಾವಾಗಲೂ ಮರಿ. ಅವ್ವ ಆಡುವುದಿಲ್ಲ. ಮೊರದಲ್ಲಿ ಜೋಳ ಹಸನು ಮಾಡುತ್ತ ಗೋಡೆಗೆ ಒರಗಿ ಕೂರುತ್ತಾಳೆ.

"ಕುರಿ ಹಿಂದ ಅಡ್ಡಾಡಿ ಅಡ್ಡಾಡಿ ನನ್ನ ಮೊಣಕಾಲು ಹೋದ್ವು. ನೀವು ಕುಂತಲ್ಲೇ ಕುರಿ ಆಗಾಕತ್ತೀರಿ," ಎನ್ನುತ್ತಾಳೆ.

"ಮಾವಾ, ನನಗೂ ಒಮ್ಮಿ ಮರಿ ಕೊಡು," ಎಂದಳು ಮಗಳು.

"ನಾಯಿಗಿ ಓಡಾಕ ಕಾಲು ಬೇಕು ಬೇ. ನನಗ ಎಲ್ಲಿ ಅದಾವು?"

ಅವನೇ ನಕ್ಕ. ನಾನು ಟಿವಿ ನೋಡುತ್ತ ಕೂತೆ.

ಆಟದಲ್ಲಿ ಕೂಗಬೇಕೆಂದರೆ ಬಟನ್ ಒತ್ತಬಹುದು, ಇಲ್ಲವೇ ಬಾಯಿಂದಲೇ ಕೂಗಬಹುದು, ಅದು ಕೇಳಿಸಿಕೊಳ್ಳುತ್ತದೆ. ಮಗಳು ಗಂಟಲು ಹರಿಯುವಂತೆ ಬೊಗಳುತ್ತಾಳೆ. ತಮ್ಮ ಬಟನ್ ಅಷ್ಟೇ ಒತ್ತುತ್ತಾನೆ.

ಮರಿಯ ಕೂಗು ಅವನಿಗೆ ಬಾರದ್ದೇನಲ್ಲ. ನಮ್ಮದು ದೇವದುರ್ಗದ ಕಡೆಯ ಕುರಿಗಾರರ ಮನೆ. ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಮಾನ್ವಿಯ ಕಾಲುವೆ ಹೊಲಗಳಿಗೆ ಬರುತ್ತಿದ್ದೆವು. ರಾತ್ರಿ ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿದರೆ ರೈತರಿಗೆ ಗೊಬ್ಬರ, ನಮಗೆ ಜೋಳ. ನನ್ನ ಶಾಲೆ ನಾಲ್ಕನೇ ಕ್ಲಾಸಿಗೆ ನಿಂತದ್ದು ಹಾಗೆ.

ಮರಿ ಸತ್ತ ಕುರಿ ತಬ್ಬಲಿ ಮರಿಯನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಒದೆಯುತ್ತದೆ. ಆಗ ಅಪ್ಪ ಸತ್ತ ಮರಿಯ ತೊಗಲು ಸುಲಿದು ತಬ್ಬಲಿಯ ಬೆನ್ನಿಗೆ ಕಟ್ಟುತ್ತಿದ್ದ. ತಮ್ಮ ಅದರ ಹಿಂದೆ ಕುಕ್ಕರಗಾಲಲ್ಲಿ ಕೂತು ಕೂಗುತ್ತಿದ್ದ. ಯಾವುದೋ ಮರಿಯ ದನಿಯಲ್ಲ, ಆ ಸತ್ತ ಮರಿಯದ್ದೇ. ಕುರಿ ಕಿವಿ ನಿಗುರಿಸಿ, ತೊಗಲು ಮೂಸಿ, ಹಾಲು ಬಿಡುತ್ತಿತ್ತು.

"ಇವನ ಗಂಟಲಾಗ ಮರಿಗೋಳು ಕುಂತಾವು," ಎಂದು ಅಪ್ಪ ಕಂಡವರಿಗೆಲ್ಲ ಹೇಳುತ್ತಿದ್ದ. ನನ್ನ ಬಗ್ಗೆ ಹಾಗೆ ಏನೂ ಹೇಳಿದ್ದು ನೆನಪಿಲ್ಲ.

ಅದೇ ದನಿಯಿಂದ ಅವನು ನನ್ನನ್ನು ಕಾಡುತ್ತಿದ್ದ. ಜಾಲಿ ಮರೆಯಲ್ಲಿ ಅಡಗಿ ಕೂಗಿದರೆ ತಾಯಿ ಕುರಿಗಳು ದಿಕ್ಕಾಪಾಲಾಗಿ ಓಡುತ್ತಿದ್ದವು. ಕೂಡಿಸುವವಳು ನಾನು, ಬೈಸಿಕೊಳ್ಳುವವಳೂ ನಾನು.

ಕುರ್ಡಿ ಊರಿನ ಆಚೆ, ಜನ ಬಿಟ್ಟುಹೋದ ಹಾಳೂರಿನ ದಿಬ್ಬದಲ್ಲಿ ಹಳೆಯ ಹಗೇವುಗಳಿದ್ದವು. ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿಗಳು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಅವತ್ತು ಮಧ್ಯಾಹ್ನ ಆಗಲೇ ಅವನು ಕುರಿ ಚದುರಿಸಿ, ನನ್ನನ್ನು ಮುಳ್ಳಿನಲ್ಲಿ ಓಡಿಸಿ, ನಕ್ಕಿದ್ದ. ಮತ್ತೆ ಮರಿ ಕೂಗಿತು. ಈ ಸಲ ನೆಲದೊಳಗಿಂದ. ಹಗೇವಿನ ಬಾಯಿಗೆ ಹೋಗಿ ಬಗ್ಗಿದೆ, ನನ್ನ ಜಡೆ ಒಳಕ್ಕೆ ಇಳಿಬಿತ್ತು. ಒಳಗೆ ಏನೂ ಕಾಣಲಿಲ್ಲ. ಹಳೆಯ ಕಾಳಿನ ಮುಗ್ಗು ವಾಸನೆ ಮುಖಕ್ಕೆ ಬಡಿಯಿತು. ಕತ್ತಲು ಮರಿಯ ದನಿಯಲ್ಲಿ ಕೂಗಿತು. ಆಮೇಲೆ ತೆಳ್ಳಗೆ, "ಅಕ್ಕಾ" ಎಂದಿತು.

ನಾನು ಓಗೊಡಲಿಲ್ಲ. ಇರಲಿ, ಕೂಗಲಿ, ಎಂದುಕೊಂಡೆ. ತಲೆ ಹಿಂದಕ್ಕೆ ತೆಗೆದು, ಕುರಿ ಹೊಡೆದುಕೊಂಡು ಕಾಲುವೆಗೆ ಹೋದೆ. ನೀರು ಕುಡಿಸಿ ಬರುವಷ್ಟರಲ್ಲಿ ಹಗೇವಿನಲ್ಲಿ ದನಿ ಇರಲಿಲ್ಲ.

ಸಂಜೆ ಹುಡುಕುತ್ತ ಬಂದ ಅಪ್ಪ ಹಗ್ಗ ಬಿಟ್ಟು ಅವನನ್ನು ಎತ್ತಿದಾಗ ಕಾಲು ಮುರಿದಿತ್ತು, ಎಚ್ಚರವಿರಲಿಲ್ಲ. "ಕೂಗು ಕೇಳಿತ್ತು ಯಪ್ಪಾ, ಮರಿ ಅಂತ ತಿಳಿದೆ," ಎಂದೆ. ಎಲ್ಲರೂ ನಂಬಿದರು. ಅಂಥ ದನಿಯಲ್ಲವೇ ಅವನದು? ತಪ್ಪು ಅವನ ತುಂಟತನದ ಮೇಲೆಯೇ ಬಿತ್ತು. ಎಚ್ಚರವಾದ ಮೇಲೆ ಅವನು ಏನೂ ಹೇಳಲಿಲ್ಲ. ಮರಿಯ ಕೂಗನ್ನೂ ಮತ್ತೆ ಕೂಗಲಿಲ್ಲ. ಅಪ್ಪ ತೀರಿಕೊಂಡ. ಅವ್ವ ಬಂದವರಿಗೆ ಇಂದಿಗೂ ಆ ಕಥೆಯನ್ನು ನಾನು ಹೇಳಿದಂತೆಯೇ ಹೇಳುತ್ತಾಳೆ.

ಹೋದ ಭಾನುವಾರ ಮಧ್ಯಾಹ್ನ, ಬಿಸಿಲಿಗೆ ಕಿಟಕಿ ಮುಚ್ಚಿಕೊಂಡು ಆಡುತ್ತಿದ್ದೆವು. ಆಟದಲ್ಲಿ ಹೊಸ ಜಾಗ ಬಂತು. ಬಯಲು, ಕುರುಚಲು ಗಿಡ. ತಮ್ಮನ ಮರಿ ನಡೆಯುತ್ತ ನಡೆಯುತ್ತ ನೆಲದೊಳಕ್ಕೆ ಬಿತ್ತು.

ಮಗಳು ತೆರೆಯ ಮೇಲಿನ ಅಕ್ಷರ ಓದಿ ಹೇಳಿದಳು: "ಯವ್ವಾ, ನಾ ಹೋಗಿ ಕುರಿಗಾರನ್ನ ಕರಕೊಂಡು ಬರೂತನ ನೀ ಗುಂಡಿ ಬಾಯಾಗ ನಿಂತು ಕೂಗ್ತಿರಬೇಕಂತ. ಬಿಟ್ಟು ಹೋದ್ರ ಮರಿ ಸಾಯ್ತದಂತ."

ನನ್ನ ಪಾಲಿನಲ್ಲಿ ಒಂದು ಕರಿ ತೂತು. ಅವನ ಪಾಲು ಪೂರ್ತಿ ಕಪ್ಪು. ಮೇಲೆ ರೊಟ್ಟಿಯಷ್ಟಗಲ ಬೆಳಕು, ಅದರಲ್ಲಿ ಒಂದು ತಲೆ. ಮುಖ ಕಾಣದು, ಬರೀ ತಲೆ.

ತಮ್ಮ ರಿಮೋಟು ನೆಲಕ್ಕಿಟ್ಟು, ಬಾಯಿ ತೆರೆದು ಕೂಗಿದ.

ಗಂಡಸಾಗಿ ಮೀಸೆ ಬಂದವನ ಬಾಯಿಂದ ಅದೇ ದನಿ, ಒಂದೆಳೆಯೂ ಬದಲಾಗದೆ ಬಂತು. ಕೆಳಗೆ ಓಣಿಯಲ್ಲಿ ಯಾರದೋ ಆಡು ಓಗೊಟ್ಟಿತು. ಅವ್ವನ ಮೊರ ನಿಂತಿತು. ರಿಮೋಟಿನ ಮೇಲಿದ್ದ ನನ್ನ ಹೆಬ್ಬೆರಳು, ನಾನು ಹೇಳದೆಯೇ, ಹಿಂದಕ್ಕೆ ಜರುಗಿತ್ತು. ಅವನ ಬೆಳಕಿನಲ್ಲಿದ್ದ ತಲೆ ಮಾಯವಾಯಿತು.

"ಆವತ್ತೂ ಹಿಂಗ," ಎಂದ ತಮ್ಮ, ತೆರೆಯಿಂದ ಕಣ್ಣು ಕೀಳದೆ. "ಹೆಳಲು ಜೋತು ಬಿದ್ದಿತ್ತು. ಆಮ್ಯಾಲ ಬರೇ ಬೆಳಕು."

"ಯಾವತ್ತು? ಏನಂತಾನ ಇವ?" ಅವ್ವ ನನ್ನನ್ನು ಕೇಳಿದಳು.

ಆಟದ ಮಾತು ಎಂದುಬಿಟ್ಟರೆ ಮುಗಿಯುತ್ತಿತ್ತು. ಅವನು ಇನ್ನೇನೂ ಹೇಳುತ್ತಿರಲಿಲ್ಲ. ಇಷ್ಟು ವರ್ಷ ಹೇಳಿರಲಿಲ್ಲವಲ್ಲ. ಅವನ ಪಾಲಿನ ಬೆಳಕು ಸಣ್ಣದಾಗುತ್ತಿತ್ತು.

"ಯವ್ವಾ, ನಾ ಮರಿ ಅಂತ ತಿಳಿದಿದ್ದಿಲ್ಲ. ಇವ ಅಕ್ಕಾ ಅಂದ. ಕೇಳೇ ಬಿಟ್ಟು ಹೋದೆ."

ಅವ್ವನ ಕೈಯಲ್ಲಿ ಓರೆಯಾದ ಮೊರದಿಂದ ಜೋಳ ನೆಲಕ್ಕೆ ಸುರಿಯುತ್ತಿತ್ತು, ಅವಳು ತಡೆಯಲಿಲ್ಲ.

"ಯವ್ವಾ, ಮರಿ ಸಾಯಾಕತ್ತದ! ಕೂಗು!" ಮಗಳು ಚೀರಿದಳು.

ಬಟನ್ ಮೇಲೆ ಬೆರಳಿಟ್ಟೆ.

"ಅದು ಬ್ಯಾಡ," ಎಂದ ತಮ್ಮ. "ಬಾಯಿಲೆ ಕೂಗು."

ಕುರಿಯನ್ನು ಗುಂಡಿಯ ಬಾಯಿಗೆ ತಂದು ನಿಲ್ಲಿಸಿದೆ. ಅವನ ಬೆಳಕಿನಲ್ಲಿ ಮತ್ತೆ ತಲೆ ಬಂತು. ನಾನು ಬಾಯಿ ತೆರೆದೆ. ಬಂದ ದನಿ ಕುರಿಯದ್ದಾಗಿರಲಿಲ್ಲ. ಕಪ್ಪಿನೊಳಗೆ ಏನೂ ಅಲುಗಲಿಲ್ಲ.

"ಮತ್ತ," ಎಂದ ತಮ್ಮ.

ಮತ್ತೆ ಕೂಗಿದೆ.