ಸುಬ್ಬಪ್ಪನ ಗಾಳಿ

ಶಿಕಾರಿಪುರದ ಡಿಶ್ ಸುಬ್ಬಪ್ಪನ ಬಾಯಲ್ಲಿ ಎಲ್ಲ ಕಾಯಿಲೆಗೂ ಒಂದೇ ಹೆಸರು: ಗಾಳಿ. ಮೊದಲು ರೇಡಿಯೊ ರಿಪೇರಿ ಮಾಡಿಕೊಂಡಿದ್ದವನು, ಉಳ್ಳವರ ತಾರಸಿ ಮೇಲೆಲ್ಲ ಹತ್ತಡಿ ಅಗಲದ ಜಾಲರಿ ಡಿಶ್ ಎದ್ದ ಮೇಲೆ ಲೂನಾ ಏರಿ ಸೊರಬದವರೆಗೂ ತಿರುಗುವವನಾದ. ಚಾನೆಲ್ ಹೋಯಿತೆಂದು ಯಾರೇ ಕರೆಯಲಿ, ಹೋಗಿ ಸರಿಮಾಡಿ, ಕೆಳಗಿಳಿದು, "ಗಾಳಿಗೆ ಸರಿದಿತ್ತು ಕಣ್ರೀ" ಅನ್ನುತ್ತಿದ್ದ. ಡಿಶ್ಶಿನ ಸರಳಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ ಸೊಸೆ, ಎಲ್ಲ ಬಲ್ಲವನಂತೆ ರಿಸೀವರಿನ ಗುಂಡಿ ಒತ್ತಿ ಕೆಡಿಸಿಟ್ಟ ಯಜಮಾನ, ಎಲ್ಲರೂ ಆ ಗಾಳಿಯ ಮರೆಯಲ್ಲಿ ಪಾರಾದವರೇ. ತಪ್ಪು ಯಾರದ್ದೆಂದು ಹೇಳಿಬಿಟ್ಟರೆ ಟೀವಿ ಸರಿಹೋಗಿ ಮನೆ ಕೆಡುತ್ತದೆ ಅನ್ನುವುದು ಅವನ ನಂಬಿಕೆ. ಸುಳ್ಳು ಹೇಳಿ ಹೇಳಿ ಪುಣ್ಯಾತ್ಮನ ನಾಲಿಗೆ ಚೆನ್ನಾಗಿ ಪಳಗಿತ್ತು.

ತೊಂಬತ್ತೇಳನೇ ಇಸವಿಯ ವಿಜಯದಶಮಿಯ ಬೆಳಿಗ್ಗೆ, ತೊಗರ್ಸಿಯ ಅಕ್ಕಿ ವ್ಯಾಪಾರಿ ಮಹೇಶ್ವರಪ್ಪನ ಮನೆಯಿಂದ ಫೋನ್ ಬಂತು. ಅವನ ಒಂಬತ್ತು ವರ್ಷದ ಮಗಳು ಶರಣ್ಯ ಅವತ್ತು ಹನ್ನೊಂದಕ್ಕೆ ಟೀವಿಯಲ್ಲಿ ಹಾಡುವವಳಿದ್ದಳು. ಹೋದ ತಿಂಗಳು ಬೆಂಗಳೂರಿಗೆ ಕರೆದೊಯ್ದು ಹಾಡಿಸಿಕೊಂಡು ಬಂದದ್ದು. ತೋರಿಸುವುದು ಇದೊಂದೇ ಸಲ. ಹಾಡು ಕಲಿಸಿದವಳು ಅಜ್ಜಿ, ಮಹೇಶ್ವರಪ್ಪನ ಅವ್ವ ಜಗದಾಂಬ. ಎಲ್ಲ ಸರಿ, ಕನ್ನಡ ಚಾನೆಲ್ಲೇ ಮಾಯ!

ಸುಬ್ಬಪ್ಪ ಹೋದಾಗ ಹತ್ತೂಕಾಲು. ನಡುಮನೆಯಲ್ಲಿ ಓಣಿಯ ಜನವೆಲ್ಲ ಚಾಪೆ ಹಿಡಿದು ಕೂತಿತ್ತು. ಅವರೆದುರಿಗೇ ಮಹೇಶ್ವರಪ್ಪ ಹೆಂಡತಿ ನಿರ್ಮಲಮ್ಮನ ಮೇಲೆ ಹರಿಹಾಯುತ್ತಿದ್ದ. ನಿನ್ನೆ ಆಯುಧ ಪೂಜೆಗೆಂದು ರಿಸೀವರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ವಿಭೂತಿ ಹಚ್ಚಿದ್ದಳಂತೆ. ಕೆಟ್ಟದ್ದು ಅದರಿಂದಲೇ ಅಂತೆ. ಆಕೆ ಅಡುಗೆಮನೆ ಬಾಗಿಲಿಗೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಹಬ್ಬದ ದಿನ ನಾಲ್ಕು ಜನರ ಎದುರು ಇದೇನು ಮಾತು ಎಂದುಕೊಂಡ ಸುಬ್ಬಪ್ಪ. ಜಗದಾಂಬ ಮಾತ್ರ ಕಂಬದ ಬುಡದಲ್ಲಿ ಸೆರಗಿನ ತುದಿ ಹೊಸೆಯುತ್ತ ಸುಮ್ಮನೆ ಕೂತಿದ್ದಳು.

ಅವನ ಕೆಲಸ ಯಾವಾಗಲೂ ಒಳಗಿನಿಂದ ಹೊರಕ್ಕೆ. ರಿಸೀವರು ಹಚ್ಚಿ ನೋಡಿದ. ಒಂದೆರಡು ಹಿಂದಿ ಚಾನೆಲ್ಲು ಇರುವೆ ಮುತ್ತಿದಂತೆ ಬರುತ್ತಿದ್ದವು. ಅಂದಮೇಲೆ ರಿಸೀವರಿನದೂ ತಪ್ಪಿಲ್ಲ, ನಿರ್ಮಲಮ್ಮನದೂ ಇಲ್ಲ. ವೈರಿನ ತುದಿ ಬಿಚ್ಚಿದ, ಪಸೆ ಇಲ್ಲ. ಉಳಿದದ್ದು ತಾರಸಿ. ಅವನು ಹಿತ್ತಿಲ ಏಣಿಯತ್ತ ತಿರುಗಿದ್ದೇ ತಡ, ಮುದುಕಿ ಬಾಯಿಬಿಟ್ಟಳು. ಏಣಿ ಅಲ್ಲಾಡುತ್ತದಪ್ಪ, ಹತ್ತಬೇಡ ಅಂದಳು.

ಮೇಲೆ ಹೋಗಿ ನೋಡಿದರೆ, ಡಿಶ್ಶಿನ ನಡುವೆ ಮೂರು ಸರಳಿನ ತುದಿಗೆ ಕೂತ, ಸಿಗ್ನಲ್ ಹಿಡಿಯುವ ಡಬ್ಬಿಗೆ ಕರಿ ಬಟ್ಟೆಯಲ್ಲಿ ಸುತ್ತಿದ ತೆಂಗಿನಕಾಯಿ ನೇತಾಡುತ್ತಿತ್ತು! ಭಾರಕ್ಕೆ ಡಬ್ಬಿ ಒಂದು ಕಡೆ ವಾಲಿತ್ತು. ಪಕ್ಕದಲ್ಲೊಂದು ಹಳೇ ಸ್ಟೂಲು. ಹತ್ತಬೇಡ ಅಂದದ್ದು ಇದಕ್ಕೇ. ಎಪ್ಪತ್ತರ ಮುದುಕಿ ಏಣಿ ಹತ್ತಿ, ಸ್ಟೂಲಿನ ಮೇಲೆ ನಿಂತು ಗಂಟು ಹಾಕಿದ್ದಾಳೆ! ಸುಬ್ಬಪ್ಪ ಕಾಯಿ ಬಿಚ್ಚಿ ಚೀಲಕ್ಕೆ ಸೇರಿಸಿದ, ಡಬ್ಬಿ ನೆಟ್ಟಗೆ ಮಾಡಿ ನಟ್ಟು ಬಿಗಿದ. ಕೆಳಗೆ ಮಕ್ಕಳು ಬಂತು ಬಂತು ಎಂದು ಕೂಗಿದವು. ಹತ್ತೂ ಐವತ್ತು.

"ಗಾಳಿಗೆ ಸರಿದಿತ್ತು ಕಣ್ರೀ," ಅಂದ ಇಳಿದು ಬಂದು.

ಮಹೇಶ್ವರಪ್ಪ ಒಪ್ಪಲಿಲ್ಲ. ಮೂರು ದಿನದಿಂದ ಒಂದು ಎಲೆ ಅಲ್ಲಾಡಿಲ್ಲ, ಇದ್ಯಾವ ಗಾಳಿ? ನಿನ್ನ ಮಾನ ಉಳಿಸಲು ರಿಪೇರಿಯವನೂ ಸುಳ್ಳು ಹೇಳಬೇಕಾಯಿತಲ್ಲ ಎಂದು ಮತ್ತೆ ಹೆಂಡತಿಯತ್ತಲೇ ತಿರುಗಿದ. ಸುಬ್ಬಪ್ಪನ ಕೈ ಚೀಲದ ಮೇಲೆ ಹೋಯಿತು. ಕಾಯಿ ತೆಗೆದರೆ ಸೊಸೆ ಉಳಿಯುತ್ತಾಳೆ, ಮುದುಕಿ ಸಿಕ್ಕಿಬೀಳುತ್ತಾಳೆ. ಇಷ್ಟು ವರ್ಷ ಕಾಪಾಡಿದ ಗಾಳಿ ಇವತ್ತು ಕೈಕೊಟ್ಟಿತ್ತು.

ಆಗ ಜಗದಾಂಬ ಕಂಬ ಹಿಡಿದು ಎದ್ದಳು.

"ಅವಳನ್ನ ಬೈಬ್ಯಾಡೋ. ಡಿಶ್ಶಿಗೆ ಕಾಯಿ ಕಟ್ಟಿದ್ದು ನಾನು. ನಾಡಿನ ಜನವೆಲ್ಲ ಕೂಸನ್ನ ನೋಡ್ತಾರೆ. ಅದು ಅಲ್ಲಿಂದಲೇ ತಾನೇ ಇಳಿದು ಬರೋದು? ದೃಷ್ಟಿ ಆಗಬಾರದು ಅಂತ ಅಲ್ಲೇ ಕಟ್ಟಿದೆ. ನಿನ್ನ ಸಿಟ್ಟಿಗೆ ಹೆದರಿ ಬೆಳಿಗ್ಗೆಯಿಂದ ಬಾಯಿ ಬಿಡಲಿಲ್ಲ."

ನಿರ್ಮಲಮ್ಮ ಬಾಗಿಲು ಬಿಟ್ಟು ಬಂದು ಅತ್ತೆಯ ತೋಳು ಹಿಡಿದುಕೊಂಡಳು. "ಅತ್ತೆ, ಹೋದ ವರ್ಷದ ಗಾಳಿ ನಾನು. ಬಟ್ಟೆ ಒಣಹಾಕಿದ್ದೆ," ಅಂದಳು. ಮಹೇಶ್ವರಪ್ಪ ಸುಬ್ಬಪ್ಪನ ಮುಖ ನೋಡಿದ. ಸುಬ್ಬಪ್ಪ ಚೀಲದ ಬಾಯಿ ಕಟ್ಟುತ್ತಿದ್ದ. ಈ ಮಳೆಗಾಲದಲ್ಲಿ ರಿಸೀವರಿನ ಗುಂಡಿ ಒತ್ತಿ ಕೆಡಿಸಿಟ್ಟವರು ಯಾರೆಂದು ಅವರಿಬ್ಬರಿಗೇ ಗೊತ್ತಿತ್ತು. ಮಹೇಶ್ವರಪ್ಪ ಕೆಮ್ಮಿದ. "ಮಳೆಗಾಲದ ಗಾಳಿ ನಂದು," ಎಂದ, ನೆಲ ನೋಡಿಕೊಂಡು.

ಅಷ್ಟರಲ್ಲಿ ಟೀವಿಯಲ್ಲಿ ಶರಣ್ಯಳ ಹೆಸರು ಹೇಳಿದರು. ಸುಬ್ಬಪ್ಪ ಚೀಲದಿಂದ ಕಾಯಿ ತೆಗೆದು ಅಜ್ಜಿಯ ಮಡಿಲಿಗೆ ಹಾಕಿದ. ಆಕೆ ಅದನ್ನು ಟೀವಿಯ ಮುಂದೆ ಮೂರು ಸಲ ಇಳಿ ತೆಗೆದು, ಕಣ್ಣು ತುಂಬಿಕೊಂಡು ಕೂತಳು. ಮಹೇಶ್ವರಪ್ಪ ಎದ್ದು ಹೆಂಡತಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟು, ತಾನು ಅವ್ವನ ಪಕ್ಕ ಚಾಪೆಯ ಮೇಲೆ ಕೂತ.