ಡಬ್ಲ್ಯೂ ಮೇಡಂ ಮತ್ತು ಎಡ ಪ್ರಸಾದ

ಏರಿಯ ಮೇಲಿನ ದೇವಿ ಎಡ ಪ್ರಸಾದ ಕೊಡತೊಡಗಿದ್ದು ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ. ಗುಡ್ನಾಪುರ ದಾಟಿ ಒಳಗೆ ಹೋದರೆ ಸಿಗುವ ಸಣ್ಣ ಊರು ಅದು. ಹೆಸರು ಹೇಳುವುದಿಲ್ಲ, ಆ ಮಾತೆತ್ತಿದರೆ ಅಲ್ಲಿಯವರಿಗೆ ಈಗಲೂ ಹಿಡಿಸುವುದಿಲ್ಲ. ಹಳೆಯ ಕೆರೆ, ಮಣ್ಣಿನ ಏರಿ, ಏರಿಯ ಮೇಲೆ ಒಂದು ಕಟ್ಟೆ, ಕಟ್ಟೆಯ ಮೇಲೆ ಮೊಳದೆತ್ತರದ ಕಲ್ಲಿನ ದೇವಿ. ಏರಿಯ ಬುಡದಲ್ಲಿ ಒಂದು ಕೇರಿ. ಮದುವೆಯಿರಲಿ, ಬಾವಿ ತೋಡುವುದಿರಲಿ, ಪೂಜೆಯ ಕೆರಿಯಪ್ಪನವರು ನೀರಲ್ಲಿ ಅದ್ದಿದ ಹೂವಿನ ಎಸಳನ್ನು ದೇವಿಯ ತಲೆಯ ಮೇಲಿಟ್ಟು ಪ್ರಸಾದ ಕೇಳುತ್ತಿದ್ದರು. ಎಸಳು ಬಲಕ್ಕೆ ಜಾರಿದರೆ ಆಗಬಹುದು, ಎಡಕ್ಕೆ ಜಾರಿದರೆ ಬೇಡ. ಆ ವರ್ಷ ಏನು ಕೇಳಿದರೂ ಬೇಡ ಎಂದೇ ಬರುತ್ತಿತ್ತು. ಗಟ್ಟಿಯಾಗಿದ್ದ ಸಂಬಂಧಗಳು ಮುರಿದವು. ಕೇರಿಯ ಹೆಂಗಸರು ಏರಿಯ ಕಡೆ ಮುಖ ಮಾಡಿ ಕೂರುವುದನ್ನೇ ಬಿಟ್ಟರು.

ಕೆರಿಯಪ್ಪನವರ ಒಬ್ಬಳೇ ಮಗಳು ತನುಜಾ ನಮ್ಮ ಶಿರಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದಳು. ನಾನು ಅಲ್ಲೇ ಕನ್ನಡದವನು, ಹುಲೇಕಲ್ ಕಡೆಯ ಹೆಗಡೆ. ವಿಜ್ಞಾನವೆಂದರೆ ಫ್ಯೂಸು ಹೋದಾಗ ಕರೆಯಬೇಕಾದವರ ಹೆಸರು ಗೊತ್ತಿರುವುದು ಎಂದು ನಂಬಿದವನು. ತನುಜಾ ನಮ್ಮ ಸ್ಟಾಫ್ ರೂಮಿಗೆ ಬಂದ ಮೊದಲ ದಿನವೇ ನನ್ನ ಅಲುಗಾಡುವ ಮೇಜಿನ ಕಾಲಿಗೆ ಕಾಗದ ಮಡಚಿ ಇಟ್ಟಳು. ಕೇಳದೆ ಉಪಕಾರ ಮಾಡುವವರನ್ನು ಕಂಡರೆ ನನಗೆ ಸಿಟ್ಟು. ಆದರೆ ಮೇಜು ಮತ್ತೆ ಅಲುಗಲಿಲ್ಲ, ಸಿಟ್ಟೂ ಬಹಳ ದಿನ ಉಳಿಯಲಿಲ್ಲ.

ಅವಳು ಧಾರವಾಡದಲ್ಲಿ ಓದಿ, ತೊಂಬತ್ತರ ದಶಕದಲ್ಲಿ ಮುಂಬಯಿಯ ಒಂದು ಸಂಸ್ಥೆಯಲ್ಲಿ ಸಂಶೋಧನೆ ಮಾಡಿದವಳು. ತಾಯಿ ತೀರಿಕೊಂಡ ಮೇಲೆ ಅಪ್ಪನಿಗೆ ಹತ್ತಿರವಾಗಲೆಂದು ಶಿರಸಿಗೆ ಬಂದಳು. ಸಂಶೋಧನೆ ಡಬ್ಲ್ಯೂ ಬೋಸಾನ್ ಎಂಬ ಕಣದ ಮೇಲೆ. ಹುಡುಗರು ಅವಳಿಗೆ ಡಬ್ಲ್ಯೂ ಮೇಡಂ ಎಂದೇ ಹೆಸರಿಟ್ಟಿದ್ದರು. ಮದುವೆ ಯಾವಾಗ ಎಂದು ಯಾರಾದರೂ ಕೇಳಿದರೆ, ಡಬ್ಲ್ಯೂ ಒಪ್ಪಿದರೆ ನಾಳೆಯೇ ಎನ್ನುತ್ತಿದ್ದಳು.

ಅದೇನು ನಿನ್ನ ಡಬ್ಲ್ಯೂ ಎಂದು ಒಂದು ಮಧ್ಯಾಹ್ನ ನಾನೇ ಕೆಣಕಿದೆ. ಅವಳು ನನಗೆ ತಿಳಿಯುವ ಹಾಗೆ ಹೇಳಿದಳು. ಪ್ರೋಟಾನ್ ಎಂಬ ಕಣವನ್ನು ಬಿಚ್ಚಿ ನೋಡಲು ಬರುವುದಿಲ್ಲ. ಅದರೊಳಗೆ ಮುಖ್ಯವಾಗಿ ಕ್ವಾರ್ಕು ಎಂಬ ಮೂರು ಕಿರುಕಣಗಳು, ಎರಡಕ್ಕೆ ಅಪ್ ಎಂದು ಹೆಸರು, ಒಂದಕ್ಕೆ ಡೌನ್. ಪ್ರೋಟಾನಿನ ಓಟದಲ್ಲಿ ಯಾರ ಪಾಲು ಎಷ್ಟು ಎಂಬುದೇ ಪ್ರಶ್ನೆ. ಅಮೆರಿಕದ ಒಂದು ಯಂತ್ರದಲ್ಲಿ ಪ್ರೋಟಾನುಗಳನ್ನು ಎದುರಿನಿಂದ ಬರುವ, ಅವುಗಳ ವಿರುದ್ಧ ಜೋಡಿಯಾದ ಪ್ರತಿಪ್ರೋಟಾನುಗಳಿಗೆ ಡಿಕ್ಕಿ ಹೊಡೆಸುತ್ತಾರೆ. ಈ ಕಡೆಯ ಅಪ್ ಆ ಕಡೆಯ ಪ್ರತಿಡೌನಿಗೆ ಸಿಕ್ಕಿದರೆ ಧನ ಡಬ್ಲ್ಯೂ ಹುಟ್ಟಿ, ಕಣ್ಣು ಮಿಟುಕಿಸುವಷ್ಟೂ ಇರದೆ ಸಾಯುತ್ತದೆ. ಅಪ್ ಹೆಚ್ಚು ಬಿರುಸಾಗಿ ಓಡುವಂಥದ್ದಾದರೆ ಹುಟ್ಟಿದ್ದು ಪ್ರೋಟಾನ್ ಹೋಗುತ್ತಿದ್ದ ಕಡೆಗೆ ವಾಲುತ್ತದೆ. ಋಣ ಡಬ್ಲ್ಯೂ ಇನ್ನೊಂದು ಕಡೆಗೆ. ಒಂದನ್ನು ನೋಡಿದರೆ ಏನೂ ತಿಳಿಯದು. ಸಾವಿರಾರು ನೋಡಿದರೆ ವಾಲು ಕಾಣುತ್ತದೆ. ವಾಲು ಎಷ್ಟೆಂದು ತಿಳಿದರೆ ಒಳಗಿನ ಹಂಚಿಕೆ ತಿಳಿಯುತ್ತದೆ.

“ಎಂತ ಮಾರಾಯ್ತಿ, ಇದು ನಿನ್ನ ಅಪ್ಪ ಮಾಡೋ ಕೆಲಸವೇ ಅಲ್ಲವಾ?” ಎಂದೆ.

ಅವಳು ನಗಲಿಲ್ಲ. ಅಪ್ಪ ಒಂದೇ ಎಸಳನ್ನು ನಂಬುತ್ತಾರೆ, ನಾವು ಒಂದನ್ನೂ ನಂಬುವುದಿಲ್ಲ ಎಂದಳು. ಮುಂಬಯಿಯಲ್ಲಿ ಒಂದಿಡೀ ವರ್ಷ ತಾನು ಮಾಡಿದ್ದು ಬೇರೇನೂ ಅಲ್ಲ, ವಾಲು ಕಂಡಾಗಲೆಲ್ಲ ಅದು ಪ್ರೋಟಾನಿನದೋ ಇಲ್ಲ ತಮ್ಮ ಯಂತ್ರವೇ ಓರೆಯೋ ಎಂದು ತಡಕಿದ್ದು ಎಂದೂ ಹೇಳಿದಳು. ಹಾಗೆನ್ನುತ್ತ ಅರ್ಧಕ್ಕೆ ನಿಂತಳು. ಊರಿನ ಎಡ ಪ್ರಸಾದದ ಸುದ್ದಿ ಅದೇ ವಾರ ಅವಳ ಕಿವಿಗೆ ಬಿದ್ದಿತ್ತು.

ಭಾನುವಾರ ನನ್ನನ್ನೂ ಎಳೆದುಕೊಂಡು ಬನವಾಸಿ ಬಸ್ಸು ಹತ್ತಿದಳು. ಕಟ್ಟೆಯ ಮುಂದೆ ನಿಂತು ದಾರಕ್ಕೆ ಕಲ್ಲು ಕಟ್ಟಿ ದೇವಿಯ ಪಕ್ಕದಲ್ಲಿ ಇಳಿಬಿಟ್ಟಳು. ದಾರ ನೆಟ್ಟಗೆ ನಿಂತಿತು, ದೇವಿ ನಿಂತಿರಲಿಲ್ಲ. ಎಡಕ್ಕೆ, ಕೇರಿಯ ಕಡೆಗೆ, ಬೆರಳಗಲ ಬಾಗಿದ್ದಳು. ದೇವಿಯಷ್ಟೇ ಅಲ್ಲ, ಕಟ್ಟೆಯೇ ಬಾಗಿತ್ತು. ಆಮೇಲೆ ಏರಿಯ ಬುಡಕ್ಕೆ ಇಳಿದು ಅಪ್ಪನ ಮನೆಯ ಹಿತ್ತಲು ತೋರಿಸಿದಳು. ಅಲ್ಲಿ ನೆಲದಿಂದ ಸಣ್ಣಗೆ ನೀರು ಜಿನುಗುತ್ತಿತ್ತು. ಏರಿಯ ಹೊಟ್ಟೆಯೊಳಗಿನ ಮಣ್ಣು ತೊಳೆದುಹೋಗುತ್ತಿದೆ, ಒಂದು ದಿನ ಏರಿ ಕೂರುತ್ತದೆ, ಕೆರೆ ಇಷ್ಟೂ ಮನೆಗಳ ಮೇಲೆ ಬರುತ್ತದೆ ಎಂದಳು. ಅಪ್ಪನ ಮನೆಯೇ ಮೊದಲನೆಯದು. ನನಗೆ ಆ ಹಿತ್ತಲಲ್ಲಿ ನಿಲ್ಲಲಾಗಲಿಲ್ಲ. ತಲೆಯ ಮೇಲೆ ಅಷ್ಟು ನೀರು ನಿಂತಿದೆ ಎಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಊರಿನವರು ಬಾಗಿದೆ ಎಂಬುದನ್ನು ಒಪ್ಪಿದರು. ಅಲ್ಲೇ ಎಡವಟ್ಟಾಯಿತು. ಊರ ಹಿರಿಯ ತಿಮ್ಮಣ್ಣ, ತಾಯಿ ಓರೆಯಾಗಿ ಕೂತಿದ್ದಕ್ಕೇ ಮುನಿಸು, ನೆಟ್ಟಗೆ ಕೂರಿಸಿದರೆ ಆಯಿತು ಎಂದ. ಭಟ್ಟರನ್ನು ಕರೆಸಿ ದೇವಿಯನ್ನು ಎತ್ತಿ, ಅರಗು ಮೇಣ ಅರೆದ ಹೊಸ ಅಂಟಿನಲ್ಲಿ ಪೀಠಕ್ಕೆ ಕೂರಿಸಿ ಅಷ್ಟಬಂಧ ಮಾಡಿಸುವುದೆಂದು ತೀರ್ಮಾನವಾಯಿತು. ತನುಜಾ ಕಾಲಿಗೆ ಬೀಳುವುದೊಂದು ಬಾಕಿ. ಮಾಡಿಸುವುದಾದರೆ ಏರಿ ಸರಿಮಾಡಿಸಿ, ದೇವಿಯನ್ನು ಮಾತ್ರ ಮುಟ್ಟಬೇಡಿ, ಏರಿಯ ಒಳಗೆ ಏನಾಗುತ್ತಿದೆ ಎಂದು ಹೇಳುತ್ತಿರುವುದು ಅದೊಂದೇ ಎಂದು ಗೋಗರೆದಳು. ಓದಿದ ಹುಡುಗಿ ದೇವಿಯನ್ನು ಓರೆಯಾಗಿಯೇ ಇಡಿ ಎನ್ನುತ್ತಾಳಲ್ಲ ಎಂದು ಜನ ಮುಖ ಮುಖ ನೋಡಿಕೊಂಡರು.

ಅಷ್ಟಬಂಧ ಆಯಿತು, ಮತ್ತೆ ಎಡಕ್ಕೆ ವಾಲದಿರಲೆಂದು ದೇವಿಯನ್ನು ಕೊಂಚ ಬಲಕ್ಕೇ ಒತ್ತಿ ಕೂರಿಸಿದರು. ಕಟ್ಟೆಗೆ ಸುತ್ತ ಹೊಸ ಚಪ್ಪಡಿ ಹಾಸಿದರು, ಏರಿಗೆ ಇನ್ನಷ್ಟು ಭಾರ. ಮರುದಿನವೇ ಬಲ ಪ್ರಸಾದ. ನಿಂತ ಮದುವೆಗಳು ನಡೆದವು, ಕೇರಿಯಲ್ಲಿ ಪಾಯಸ ಮಾಡಿದರು. ಆ ಪಾಯಸ ನಾನೂ ಉಂಡೆ. ತನುಜಾ ಲೋಟ ಮುಟ್ಟಲಿಲ್ಲ.

“ಹೆಗಡೇರೇ, ಇನ್ನು ಎಂತ ಆದ್ರೂ ಗೊತ್ತಾಗೂದಿಲ್ಲ” ಎಂದಳು.

ಮುಂದಿನ ವರ್ಷ ಹೇಗೋ ಕಳೆಯಿತು. ತನುಜಾ ಕೊಟ್ಟ ಅರ್ಜಿಯ ಮೇಲೆ ನೀರಾವರಿ ಕಚೇರಿಯಿಂದ ಬಂದ ಎಂಜಿನಿಯರು ನೋಡಿ, ಬೇಸಿಗೆಗೆ ಕೆಲಸ ಹಿಡಿಯೋಣ ಎಂದು ಹೋದರು. ಬೇಸಿಗೆ ಬಂತು, ಅವರಿಗೆ ವರ್ಗವಾಗಿತ್ತು. ತನುಜಾ ಪ್ರತಿ ಭಾನುವಾರ ಹೋಗಿ ಹಿತ್ತಲಿನ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು, ಮಣ್ಣು ಬೆರೆತಿದೆಯೇ ಎಂದು ಬೆಳಕಿಗೆ ನೋಡುವಳು. ಅಪ್ಪನನ್ನು ಶಿರಸಿಗೆ ಕರೆದಳು. ಕೇರಿಯೆಲ್ಲ ಇಲ್ಲಿರುವಾಗ ಪೂಜೆಯವ ಮೊದಲು ಗಂಟು ಕಟ್ಟಿದರೆ ಹೇಗೆ ಎಂದು ಅವರು ಬರಲಿಲ್ಲ. ಏರಿಯ ಮೇಲೆ ಬಲ ಪ್ರಸಾದ ಬೀಳುತ್ತಲೇ ಇತ್ತು.

ಎರಡು ಸಾವಿರದ ಆರರ ಆಷಾಢದಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಕೆರೆ ಕಟ್ಟೆಯ ಬುಡದವರೆಗೆ ಬಂತು. ಹಿತ್ತಲಿನ ನೀರು ಕೆಂಪಾಯಿತು. ತನುಜಾ ರಜೆ ಹಾಕಿ ಮನೆ ಮನೆಗೆ ಹೋಗಿ, ದಿಬ್ಬದ ಮೇಲಿನ ಶಾಲೆಗೆ ಹೊರಡಿ, ನೀರಿಳಿಯುವವರೆಗೆ ಅಲ್ಲೇ ಇರಿ ಎಂದು ಬೇಡಿಕೊಂಡಳು. ನಾನೂ ಕೊಡೆ ಹಿಡಿದು ಹಿಂದೆ ಹಿಂದೆ ತಿರುಗಿದೆ. ನಾಟಿಯ ಹೊತ್ತು, ಕೊಟ್ಟಿಗೆ ತುಂಬ ದನ, ಯಾರು ಹೊರಡುತ್ತಾರೆ? ತಾಯಿಯನ್ನೇ ಕೇಳೋಣ, ಹೋಗಿ ಎಂದರೆ ಹೋಗೋಣ ಎಂದ ತಿಮ್ಮಣ್ಣ. ಎತ್ತ ಬೀಳುತ್ತದೆಂದು ತನುಜಾಳಿಗೆ ಗೊತ್ತಿತ್ತು. ಕಲ್ಲನ್ನು ಬಲಕ್ಕೆ ಒತ್ತಿ ಕೂರಿಸಿದ್ದರಲ್ಲ.

ಬೆಳಿಗ್ಗೆ ಇಡೀ ಕೇರಿ ಏರಿಯ ಮೇಲೆ ಸೇರಿತು. ಅಷ್ಟು ಜನ ಆ ಏರಿಯ ಮೇಲೆ ನಿಂತದ್ದು ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಕೆರಿಯಪ್ಪನವರು ಎಸಳು ಅದ್ದಿ ದೇವಿಯ ತಲೆಯ ಮೇಲಿಟ್ಟರು. ಈ ಮಳೆಗೆ ನಿನ್ನ ಬುಡದಲ್ಲೇ ಇರೋಣವೇ ತಾಯಿ ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ಅವರ ಬೆನ್ನು ಅಡ್ಡವಿತ್ತು. ಕೈ ಮಾತ್ರ ಸರ್ರನೆ ಮುಂದೆ ಹೋದದ್ದು ಕಂಡಿತು. ಮುಷ್ಟಿ ಮುಚ್ಚಿಕೊಂಡೇ ತಿರುಗಿದರು.

“ಎಡ. ಇಲ್ಲಿ ಇರಬ್ಯಾಡ್ರಿ ಅಂತಾಳೆ.”

ಸಂಜೆಯೊಳಗೆ ಮಕ್ಕಳು, ಮುದುಕರು, ದನ, ಅಕ್ಕಿ ಮುಡಿ ಎಲ್ಲ ಶಾಲೆಯ ದಿಬ್ಬ ಹತ್ತಿದವು. ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಏರಿ ಕುಸಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ, ನೆಲ ಒಮ್ಮೆ ನಡುಗಿದಂತಾಯಿತು ಅಷ್ಟೆ. ಎದ್ದು ಬಂದು ನೋಡಿದರೆ ಕೇರಿಯಿದ್ದಲ್ಲಿ ಕೆಂಪು ನೀರು. ಕೆರಿಯಪ್ಪನವರ ಮನೆಯ ಒಂದು ಗೋಡೆಯೂ ಉಳಿದಿರಲಿಲ್ಲ. ಒಂದು ಜೀವವೂ ಹೋಗಲಿಲ್ಲ. ಹೆಂಗಸರು ಅಳುತ್ತ ಕೆರಿಯಪ್ಪನವರ ಕಾಲಿಗೆ ಬಿದ್ದರು, ತಾಯಿ ಕಾಪಾಡಿದಳು ಎಂದರು. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

ನೀರಿಳಿದ ಮೇಲೆ ಗಂಡಸರೆಲ್ಲ ದೇವಿಯನ್ನು ಹುಡುಕಲು ಗದ್ದೆಗೆ ಇಳಿದರು. ಶಾಲೆಯ ಜಗಲಿಯಲ್ಲಿ ನಾವು ಮೂವರೇ. ಕೆರಿಯಪ್ಪನವರು ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮಗಳಿಗೆ ಹೇಳಿದರು.

“ಹೂವು ಬಲಕ್ಕೇ ಬಿದ್ದಿತ್ತು ತಂಗಿ. ಇರ್ರಿ ಅಂದ್ಳು ಅವಳು. ಹೋಗ್ರಿ ಅಂದವ ನಾನು. ನಮ್ಮ ಹಿತ್ತಲ ನೀರಾಗೆ ಕೈ ಅದ್ದಿದ್ದೆ, ಅಂಗೈ ತುಂಬ ಮಣ್ಣು.”

ತನುಜಾ ಅವರ ಕೈ ಹಿಡಿದುಕೊಂಡಳು. ಅದು ದೇವಿ ಹೇಳಿದ್ದಲ್ಲ ಅಪ್ಪ, ಕಲ್ಲನ್ನು ಬಲಕ್ಕೆ ಒತ್ತಿ ಕೂರಿಸಿದ್ದಕ್ಕೆ ಹಾಗೆ ಬಿತ್ತು, ನೀವು ಯಾವ ತಪ್ಪೂ ಮಾಡಿಲ್ಲ ಎಂದಳು. ಸಮಾಧಾನವಾಗಲೆಂದೇ ಹೇಳಿದಳು ಪಾಪ. ಕೆರಿಯಪ್ಪನವರು ಅವಳ ಕಡೆ ತಿರುಗಿದರು.

“ಹಂಗಾರೆ ಮೊದಲು ಎಡಕ್ಕೆ ಬಿದ್ದದ್ದೂ ಕಲ್ಲೇ. ನಿನ್ನ ಅವ್ವನ್ನ ದವಾಖಾನೆಗೆ ಒಯ್ಯಲೇನು ಅಂತ ಕೇಳಿದಾಗ ಬ್ಯಾಡ ಅಂದದ್ದೂ ಕಲ್ಲೇ. ಇಷ್ಟು ವರ್ಷ ನಾ ಯಾರ ಸಂಗಾಟ ಮಾತಾಡಿದೆ ತಂಗಿ?”

ತನುಜಾಳ ಕೈ ಅವರ ಕೈಯ ಮೇಲೆ ಹಾಗೇ ಉಳಿಯಿತು. ತಾಯಿ ಹೇಗೆ ಹೋದಳೆಂದು ಅವಳು ಎಂದೂ ನನಗೆ ಹೇಳಿರಲಿಲ್ಲ. ಅವಳಿಗೂ ಅದು ಗೊತ್ತಾದದ್ದು ಆಗಲೇ ಎಂದು ಅವಳ ಮುಖ ನೋಡಿ ತಿಳಿಯಿತು.

ಅಷ್ಟರಲ್ಲಿ ಗದ್ದೆಯಿಂದ ತಿಮ್ಮಣ್ಣ ಕೂಗಿದ. ದೇವಿ ಸಿಕ್ಕಿದ್ದಳು. ಎಲ್ಲಿ ಕೂರುತ್ತಾಳೆ ಎಂದು ಈಗಲೇ ಪ್ರಸಾದ ಕೇಳಬೇಕಂತೆ, ಜನ ಕಾಯುತ್ತಿದ್ದಾರಂತೆ. ಕೆರಿಯಪ್ಪನವರು ಎದ್ದು, ಕೊಡದ ನೀರಲ್ಲಿ ಕೈ ತೊಳೆದುಕೊಂಡು, ಶಾಲೆಯ ಬೇಲಿಯ ದಾಸವಾಳದಿಂದ ಒಂದು ಹೂ ಕಿತ್ತು, ಕೆಳಗಿಳಿದು ಹೋದರು.