ಕಿಟ್ಟದ ಎಳೆ

ನಾನು ಒಳ್ಳೆಯವನೆಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಬಂಕಾಪುರದಾಚೆ ಹೆದ್ದಾರಿ ಬದಿಯ ಎರಕದ ಕಾರ್ಖಾನೆಗೆ ಡಿಪ್ಲೊಮಾ ಹಿಡಿದು ಹೋದಾಗ ನನಗೆ ಸೊಕ್ಕು ತಲೆಗೇರಿತ್ತು. ಅಲ್ಲಿ ಕಬ್ಬಿನ ಗಾಣದ ಉರುಳುಗಳನ್ನು ಎರೆಯುತ್ತಿದ್ದರು. ಕುಲುಮೆಯ ಉಸ್ತುವಾರಿ ಹತ್ತಿಮತ್ತೂರಿನ ಒಬ್ಬ ವಯಸ್ಸಾದ ಮೇಸ್ತ್ರಿಯದು.

ಕರಗಿದ ಕಬ್ಬಿಣದ ಮೇಲೆ ತೇಲುವ ಹೊಲಸೇ ಕಿಟ್ಟ. ಗಾಳಿ ಹೆಚ್ಚಾದರೆ ಕುಲುಮೆಯೊಳಗೆ ಕಬ್ಬಿಣವೇ ಸುಟ್ಟು, ತುಕ್ಕಾಗಿ, ಕಿಟ್ಟಕ್ಕೆ ಸೇರುತ್ತದೆ. ಸೇರಿದಷ್ಟೂ ಕಿಟ್ಟ ಕಪ್ಪಾಗುತ್ತದೆ, ಉಳಿದ ಕಬ್ಬಿಣ ಕೆಡುತ್ತದೆ. ಸುಡದಿದ್ದರೆ ಸೀಸೆಯ ಗಾಜಿನಂತೆ ಹಸಿರು. ಮೇಸ್ತ್ರಿ ಸಲಾಕೆಯ ತುದಿಗೆ ಕಿಟ್ಟ ಹತ್ತಿಸಿ, ಕೂದಲಿನಷ್ಟು ತೆಳ್ಳಗೆ ಎಳೆ ಎಳೆದು, ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಆತ ಹೂಂ ಅನ್ನುವವರೆಗೆ ಎರಕವಿಲ್ಲ. ಮಾಲಕರೂ ಸುಮ್ಮನೆ ಕಾಯುತ್ತಿದ್ದರು.

ಒಂದು ದಿನ ಹಿರೇಕೆರೂರಿನ ಗುಜರಿಯಿಂದ ಬಂದ, ತುಕ್ಕು ಹಿಡಿದ ಪಂಪುಗಳ ಚೂರು ಹಾಕಿದ್ದೆವು. ಬೇಗ ಕರಗಲೆಂದು ನಾನು ಬ್ಲೋವರ್ ಹೆಚ್ಚಿಸಿದೆ. ಮೇಸ್ತ್ರಿ ಎಳೆ ನೋಡಿ ಎಲ್ಲರೆದುರು ಹೇಳಿದ:

"ಗಾಳಿ ಕಡಿಮಿ ಮಾಡ್ರಿ, ಸಾಹೇಬ್ರ. ಕಬ್ಬಿಣ ಸುಡಾಕತ್ತೈತಿ."

ಮಾಲಕರು ನನ್ನ ಮುಖ ನೋಡಿ ನಕ್ಕರು. ಗಾಳಿ ಇಳಿಸಿದೆ, ಎರಕ ಚೆನ್ನಾಗಿ ಬಂತು. ಅದೇ ನನ್ನ ಹೊಟ್ಟೆ ಉರಿಸಿತು.

ಮೇಸ್ತ್ರಿಯ ಕಣ್ಣಿಗೆ ಪೊರೆ ಬರುತ್ತಿದೆ ಎಂದು ಊಟದ ಹೊತ್ತಿನಲ್ಲಿ ಯಾರೋ ಅಂದರು. ನನಗೆ ಅಷ್ಟು ಸಾಕಾಯಿತು. ಹಿತ್ತಲ ರಾಶಿಯಿಂದ ಮುಷ್ಟಿಗಾತ್ರದ ಕಿಟ್ಟದ ಗಟ್ಟಿಯೊಂದನ್ನು ಆರಿಸಿ, ಒಂದು ಚಕ್ಕೆ ಕಿತ್ತು ನೋಡಿದೆ. ಅಪ್ಪಟ ಹಸಿರು. ಆದರೆ ದಪ್ಪ ಗಟ್ಟಿ ಎಂಥ ಕಣ್ಣಿಗೂ ಕಪ್ಪಾಗಿಯೇ ಕಾಣುತ್ತದೆ. ಇದನ್ನು ನನಗೆ ಹೇಳಿಕೊಟ್ಟವನೇ ಮೇಸ್ತ್ರಿ.

ಮಾಲಕರನ್ನು ಕರೆದೆ, ಆಳುಗಳನ್ನು ಸುತ್ತ ನಿಲ್ಲಿಸಿದೆ, ಗಟ್ಟಿಯನ್ನು ಆತನ ಕೈಗಿಟ್ಟು ಬಣ್ಣ ಕೇಳಿದೆ. ಆತ ಅತ್ತಿತ್ತ ಹೊರಳಿಸಿದ.

"ಕರೇದು ಕಾಣತೈತ್ರಿ. ಎಳಿ ಎಳದ್ರ ಖರೇ ಬಣ್ಣ ಗೊತ್ತಾಗತೈತಿ."

ಆರಿದ ಗಟ್ಟಿಯಿಂದ ಎಳೆ ಎಲ್ಲಿಂದ ಬರಬೇಕು? ನಾನು ಸುತ್ತಿಗೆಯಿಂದ ಹೊಡೆದು ತೆಳ್ಳನೆಯ ಚಕ್ಕೆಯನ್ನು ಬಿಸಿಲಿಗೆ ಹಿಡಿದೆ. ಹಸಿರು ಹೊಳೆಯಿತು. ಆಳುಗಳು ನಕ್ಕರು. ಮೇಸ್ತ್ರಿ ನನ್ನನ್ನೇ ನೋಡಿದ. ಆತನಿಗೆ ಮೋಸ ಗೊತ್ತಾಗಿತ್ತು, ಆದರೆ ಆ ನಗೆಯ ನಡುವೆ ಆತನ ಮಾತು ಯಾರಿಗೂ ಬೇಕಿರಲಿಲ್ಲ. ಕಣ್ಣು ತೋರಿಸಿಕೊಂಡು ಮನೆಯಲ್ಲೇ ಇರಲು ಮಾಲಕರು ಹೇಳಿದರು. ಹೋಗುವಾಗ ಆತ ಸಲಾಕೆಯನ್ನು ಒರೆಸಿ ನನ್ನ ಕೈಗೆ ಕೊಟ್ಟ. ನಾಚಿಕೆಯಾಯಿತು ಎಂದು ಬರೆದರೆ ಸುಳ್ಳಾದೀತು. ಖುಷಿಯಾಗಿತ್ತು.

ವಾರದ ಮೇಲೆ ಸವಣೂರಿನ ಗಿರಾಕಿಯೊಬ್ಬರ ದೊಡ್ಡ ಉರುಳು ಎರೆಯುವುದಿತ್ತು. ನಾನೇ ಎಳೆ ಎಳೆದೆ. ಅಷ್ಟು ತೆಳ್ಳಗಿದ್ದರೂ ಕಪ್ಪು. ಗಾಳಿ ಇಳಿಸಿದ್ದರೆ ಆಗುತ್ತಿತ್ತು. ಇಳಿಸಿದರೆ ಮೇಸ್ತ್ರಿಯ ಮಾತಿಗೆ ಮತ್ತೆ ತಲೆಬಾಗಿದಂತೆ. ಆತನ ಕೈಕೆಳಗೆ ಬಹಳ ವರ್ಷ ದುಡಿದ ಆಳೊಬ್ಬನಿಗೆ ಎಳೆ ತೋರಿಸಿ, ಯಾವ ಬಣ್ಣ ಎಂದು ಕೇಳಿದೆ. ಅವನು ಎಳೆಯ ಕಡೆ ಕಣ್ಣೆತ್ತಲೂ ಇಲ್ಲ.

"ನೀವು ಹೇಳಿದ್ದೇ ಬಣ್ಣರೀ, ಸಾಹೇಬ್ರ."

ಉಳಿದವರೂ ಅದನ್ನೇ ಅಂದರು. ಹಸಿರು ಎಂದೆ, ಎರೆದರು. ಅಚ್ಚು ಒಡೆದಾಗ ಉರುಳಿನ ಮೈತುಂಬ ತೂತು. ಇದು ಯಾರ ತಪ್ಪು ಎಂದು ಮಾಲಕರು ಕೇಳಿದರು. ಮೇಸ್ತ್ರಿ ಹೋಗುವಾಗ ಕುಲುಮೆ ಕೆಡಿಸಿ ಹೋಗಿದ್ದಾನೆ ಎಂದೆ. ಆಳುಗಳೆಲ್ಲ ಹೌದೆಂದು ತಲೆಯಾಡಿಸಿದರು.